ಯಲಹಂಕದ ಒಲೆ ನಮ್ಮದು, ಅನಿಲದ ಕೀಲಿಕೈ ಯಾರದು?



2024ರ ಸೆಪ್ಟೆಂಬರ್ 24ರಂದು ಯಲಹಂಕದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಒಂದು ವಿದ್ಯುತ್ ಸ್ಥಾವರ ಉದ್ಘಾಟಿಸಿದರು. 370 ಮೆಗಾವ್ಯಾಟಿನದು. ಕಲ್ಲಿದ್ದಲು ಬೇಡ, ಅಣೆಕಟ್ಟು ಬೇಡ. ಕೊಳವೆಯಲ್ಲಿ ಬರುವ ಅನಿಲ ಉರಿಸಿ ಕರೆಂಟು ತೆಗೆಯುವ, ರಾಜ್ಯ ಸರ್ಕಾರದ ಮೊಟ್ಟಮೊದಲ ಸ್ಥಾವರ. ಪೇಪರುಗಳಲ್ಲಿ ಫೋಟೋ ಬಂತು, ನಾಲ್ಕು ಸಾಲು ಸುದ್ದಿ ಬಂತು. ಅಲ್ಲಿಗೆ ಮುಗಿಯಿತು.

ಮುಗಿಯಬಾರದಿತ್ತು. ಈ ಸ್ಥಾವರ ಕಟ್ಟಿಸಿದ್ದು 1970ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯುತ್ ನಿಗಮ, ನಮ್ಮ ಕೆಪಿಸಿ. ಜಾಗ ನಮ್ಮದು. 1993ರ ಸುಮಾರಿಗೆ ಅಲ್ಲೇ ಡೀಸೆಲ್ ಯಂತ್ರಗಳು ಗುಡುಗಲು ಶುರುಮಾಡಿದ್ದವು, ಹಳೆಯ ಯಲಹಂಕದವರಿಗೆ ಆ ಸದ್ದು ನೆನಪಿರಬೇಕು. ಈಗಿನ ಸಾಲವೂ ನಮ್ಮದೇ. ಆದರೆ ಅನಿಲದ ಕೊಳವೆ ಕೇಂದ್ರ ಸರ್ಕಾರದ ಗೇಲ್ ಕಂಪೆನಿಯದು. ದೇಶದೊಳಗೆ ಸಿಗುವ ಅಗ್ಗದ ಅನಿಲ ಯಾರಿಗೆ ಮೊದಲು, ಯಾರಿಗೆ ಕೊನೆಗೆ ಎಂದು ಬರೆಯುವ ಲೇಖನಿ ದಿಲ್ಲಿಯದು. ಪರದೇಶದಿಂದ ಹಡಗಿನಲ್ಲಿ ಬರುವ ಅನಿಲದ ಬೆಲೆ ಡಾಲರಿನದು. ಇಷ್ಟೆಲ್ಲ ಆದ ಮೇಲೆ ಬಿಲ್ಲು ಮಾತ್ರ ಅಪ್ಪಟ ಕನ್ನಡಿಗನದು!

ನಮ್ಮ ಸಂಘಟನೆಗಳ ಹತ್ತು ಹುಡುಗರನ್ನು ನಿಲ್ಲಿಸಿ ಕೇಳಿ. ಯಲಹಂಕದ ಸ್ಥಾವರ ಯಾರದು, ಅನಿಲ ಎಲ್ಲಿಂದ ಬರುತ್ತದೆ, ತಿಂಗಳಿಗೆ ಎಷ್ಟು ದಿನ ಓಡುತ್ತದೆ? ಒಬ್ಬನೂ ಬಾಯಿ ಬಿಡುವುದಿಲ್ಲ. ಹುಡುಗರ ತಪ್ಪಲ್ಲ, ಹೇಳುವವರು ಯಾರು? ಅಂಗಡಿಯ ಬೋರ್ಡಿನಲ್ಲಿ ಕನ್ನಡ ದಪ್ಪ ಅಕ್ಷರದಲ್ಲಿದೆಯೇ ಎಂದು ಅಳತೆ ಪಟ್ಟಿ ಹಿಡಿದು ನೋಡಲು ಕಲಿತಿದ್ದೇವೆ. ನೋಡಬೇಕಾದ್ದೇ. ಆದರೆ ಬೋರ್ಡಿಗೆ ದೀಪ ಹಾಕುವ ಕರೆಂಟಿನ ಲೆಕ್ಕವನ್ನು ಯಾವ ಅಳತೆ ಪಟ್ಟಿಯಿಂದಲೂ ನೋಡಿಲ್ಲ.

ಈ ಸಣ್ಣ ಸ್ಥಾವರ ನಾಡಿಗೆ ಬೇಕು. ಅದನ್ನು ದಂಡ ಎಂದು ಬೈಯುವವರ ಜೊತೆ ನಾನಿಲ್ಲ. ಆದರೆ ಅದರ ಅನಿಲದ ಮೇಲೆ ಕನ್ನಡ ನಾಡಿಗೆ ಹಕ್ಕಿಲ್ಲದಿದ್ದರೆ, ಅದರ ಲೆಕ್ಕ ಕನ್ನಡದಲ್ಲಿ ಸಿಗದಿದ್ದರೆ, ಅದು ನಮ್ಮ ನೆಲದಲ್ಲಿ ನಿಂತ ಬೇರೆಯವರ ಒಲೆ. ಸೌದೆ ಅವರದು, ಹೊಗೆ ನಮ್ಮದು.

ಕೊಡಿಒಲೆ

ಮೊದಲು ಇದು ಹೇಗೆ ಓಡುತ್ತದೆ ನೋಡಿ. ಇಂಗ್ಲಿಷಿನಲ್ಲಿ ಇದಕ್ಕೆ ‘ಕಂಬೈನ್ಡ್ ಸೈಕಲ್’ ಎನ್ನುತ್ತಾರೆ. ಅದನ್ನು ಕನ್ನಡ ಮಾಡಹೊರಟ ಯಾವುದೋ ಪುಣ್ಯಾತ್ಮ ‘ಸಂಯುಕ್ತ ಆವರ್ತ ಸ್ಥಾವರ’ ಎಂದು ಬರೆದರೆ ಅಚ್ಚಿನ ಮೊಳೆಯೂ ನಕ್ಕೀತು. ನಮ್ಮ ಅಜ್ಜಿಯಂದಿರ ಅಡುಗೆಮನೆಯಲ್ಲಿ ಇದಕ್ಕೆ ಹೆಸರಿತ್ತು: ಕೊಡಿಒಲೆ. ದೊಡ್ಡ ಒಲೆಯ ಮೇಲೆ ಅನ್ನದ ತಪ್ಪಲೆ, ಪಕ್ಕದ ಕೊಡಿಒಲೆಯ ಮೇಲೆ ಸಾರು. ಸೌದೆ ಒಂದೇ. ಮುಂದಿನ ಒಲೆ ಬಳಸಿ ಬಿಟ್ಟ ಬಿಸಿಯೇ ಹಿಂದಿನ ಪಾತ್ರೆಯನ್ನು ಕಾಯಿಸುತ್ತದೆ.

ಯಲಹಂಕದಲ್ಲಿ ಇರುವುದೂ ಅದೇ. ಅನಿಲವನ್ನು ಒತ್ತಡದ ಗಾಳಿಯ ಜೊತೆ ಉರಿಸಿ, ಆ ಬಿಸಿ ಗಾಳಿಯಿಂದ ವಿಮಾನದ ಇಂಜಿನ್ನಿನಂಥ ಟರ್ಬೈನನ್ನು ತಿರುಗಿಸುತ್ತಾರೆ. ಅಲ್ಲಿಂದ ಮೊದಲ ಕರೆಂಟು. ಹೊರಬೀಳುವ ಗಾಳಿ ಇನ್ನೂ ಸುಮಾರು 600 ಡಿಗ್ರಿ ಕಾದಿರುತ್ತದೆ. ಅದನ್ನು ಚಿಮಣಿಗೆ ಬಿಡದೆ ಬಾಯ್ಲರಿಗೆ ಹಾಯಿಸಿ, ನೀರನ್ನು ಹಬೆ ಮಾಡಿ, ಆ ಹಬೆಯಿಂದ ಇನ್ನೊಂದು ಟರ್ಬೈನು. ಅಲ್ಲಿಂದ ಎರಡನೆಯ ಕರೆಂಟು. ಕಲ್ಲಿದ್ದಲಿನ ಸ್ಥಾವರದಲ್ಲಿ ನೂರು ಪಾಲು ಬಿಸಿ ಹಾಕಿದರೆ 35ರ ಆಸುಪಾಸು ಕರೆಂಟಾಗುತ್ತದೆ, ಇಲ್ಲಿ 50ರ ಮೇಲೆ. ಹಾರುಬೂದಿ ಇಲ್ಲ. ರಾಯಚೂರಿನ ಶಕ್ತಿನಗರದ ಸುತ್ತಲಿನವರನ್ನು ಕೇಳಿದರೆ ಬೂದಿ ಇಲ್ಲ ಎಂಬ ಮಾತಿನ ಬೆಲೆ ಗೊತ್ತಾಗುತ್ತದೆ.

ಇದಕ್ಕಿಂತ ದೊಡ್ಡ ಗುಣ ಬೇರೆ ಇದೆ. ತಣ್ಣಗಾದ ಕಲ್ಲಿದ್ದಲು ಘಟಕವನ್ನು ಮತ್ತೆ ಹತ್ತಿಸಿ ದಾರಿಗೆ ತರಲು ಹತ್ತು-ಹನ್ನೆರಡು ತಾಸು ಬೇಕು. ಅನಿಲದ ಟರ್ಬೈನು ಸಾಮಾನ್ಯವಾಗಿ ಅರ್ಧ ತಾಸಿನ ಸುಮಾರಿಗೆ ಎದ್ದು ನಿಲ್ಲುತ್ತದೆ. ಹಬೆಯ ಭಾಗ ಸೇರಿ ಪೂರ್ತಿ ಬಲ ಬರಲು ಇನ್ನು ಕೆಲವು ತಾಸು. ಕರೆದಾಗ ಬರುವ ಆಳು ಇದು.

ಸಂಜೆ ಏಳರ ಕರೆಂಟು

2024ರ ಬೇಸಿಗೆಯಲ್ಲಿ ರಾಜ್ಯದ ಬೇಡಿಕೆ 17 ಸಾವಿರ ಮೆಗಾವ್ಯಾಟ್ ದಾಟಿತು. ಅದರಲ್ಲಿ 370 ಅಂದರೆ ನೂರರಲ್ಲಿ ಎರಡು ಪಾಲು ಚಿಲ್ಲರೆ. ದೇಶದ ಲೆಕ್ಕದಲ್ಲಿ ಇನ್ನೂ ಸಣ್ಣದು. 2024ರ ಮೇ 30ರಂದು ಇಡೀ ಭಾರತದ ಬೇಡಿಕೆ 2 ಲಕ್ಷ 50 ಸಾವಿರ ಮೆಗಾವ್ಯಾಟ್ ಮುಟ್ಟಿತ್ತು. ಆ ಸಮುದ್ರದಲ್ಲಿ ಯಲಹಂಕ ಒಂದು ಚಮಚ.

ಆದರೆ ಕರೆಂಟಿನ ಲೆಕ್ಕದಲ್ಲಿ ಎಷ್ಟು ಎಂಬುದರ ಜೊತೆಗೆ ಯಾವಾಗ, ಎಲ್ಲಿ ಎಂದೂ ಕೇಳಬೇಕು. ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕು ಇದೆ. ಮಧ್ಯಾಹ್ನ ಹನ್ನೆರಡಕ್ಕೆ ಅದು ರಾಜ. ಸಂಜೆ ಏಳಕ್ಕೆ? ಸೂರ್ಯ ಮನೆಗೆ ಹೋಗಿರುತ್ತಾನೆ. ಬೆಂಗಳೂರು ಅದೇ ಹೊತ್ತಿಗೆ ಮನೆಗೆ ಬಂದು ಫ್ಯಾನು, ಮಿಕ್ಸಿ, ಗೀಸರು, ಟಿವಿ ಎಲ್ಲ ಒಟ್ಟಿಗೆ ಹಾಕುತ್ತದೆ. ಆ ಹೊತ್ತನ್ನು ದಾಟಿಸುವ ಕೆಲಸ ಇಷ್ಟು ವರ್ಷ ಮಾಡಿದ್ದು ಶರಾವತಿ. 1,035 ಮೆಗಾವ್ಯಾಟು, ಗೇಟು ತೆರೆದ ಕೆಲವೇ ನಿಮಿಷಕ್ಕೆ ಹಾಜರು. 2023ರಲ್ಲಿ ಮಳೆ ಕೈಕೊಟ್ಟಾಗ ಏನಾಯಿತು? ಜಲಾಶಯಗಳು ಒಣಗಿದವು, ಪಂಪ್‌ಸೆಟ್ಟು ಅಷ್ಟೂ ಒಮ್ಮೆಗೇ ಓಡಿದವು. ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಂ ಎತ್ತಿಕೊಂಡು ಖಾಸಗಿ ಉತ್ಪಾದಕರಿಗೆ ಹೊರಗೆ ಮಾರಬೇಡಿ, ನಮಗೆ ಕೊಡಿ ಎಂದು ಆಜ್ಞೆ ಮಾಡಬೇಕಾಯಿತು.

ಅಂಥ ವರ್ಷಕ್ಕೆ ಬೇಕಾದ್ದು ಈ ಸ್ಥಾವರ. ಊರ ಮಗ್ಗುಲಲ್ಲೇ ಇರುವುದು ಅದರ ಇನ್ನೊಂದು ಬಲ. ದೂರದಿಂದ ತಂತಿಯಲ್ಲಿ ಬರುವ ಕರೆಂಟು ಬಡಾವಣೆಯ ಕೊನೆಯ ಮನೆಯ ನಲ್ಲಿ ನೀರಿನ ಹಾಗೆ, ಬರುತ್ತದೆ, ಒತ್ತಡ ಇರುವುದಿಲ್ಲ. ಬೆಂಗಳೂರಿನ ಬಾಗಿಲಲ್ಲೇ ಒಂದು ಯಂತ್ರ ತಿರುಗುತ್ತಿದ್ದರೆ ವೋಲ್ಟೇಜು ಜಗ್ಗುವುದಿಲ್ಲ. ವೋಲ್ಟೇಜು ಜಗ್ಗಿದರೆ ಏನಾಗುತ್ತದೆ ಎಂದು ಆಫ್‌ಸೆಟ್ ಮೆಷಿನ್ ಇಟ್ಟವನಿಗೆ ಪಾಠ ಹೇಳಬೇಕಾಗಿಲ್ಲ. ಅರ್ಧಕ್ಕೆ ನಿಂತ ಮೆಷಿನ್ನಿನಲ್ಲಿ ಹಾಳೆ ಹಾಳು, ಬಣ್ಣ ಮತ್ತೆ ಕೂರಿಸುವ ಹೊತ್ತಿಗೆ ಇನ್ನೊಂದು ರೀಮು ಹಾಳು, ಲಗ್ನಪತ್ರಿಕೆಯವರು ಬಾಗಿಲಲ್ಲಿ.

ಕೊಳವೆಯ ಆ ತುದಿ

ಈಗ ಅನಿಲಕ್ಕೆ ಬನ್ನಿ. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲು ಇಲ್ಲ, ಅನಿಲವೂ ಇಲ್ಲ. ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ಗೇಲ್ ಹಾಕಿದ ಸಾವಿರ ಕಿಲೋಮೀಟರಿನ ಕೊಳವೆ 2013ರಲ್ಲಿ ಶುರುವಾಯಿತು. ದಾಭೋಳ ಎಂದರೆ ಎನ್ರಾನ್ ಕಂಪೆನಿ ಮಹಾರಾಷ್ಟ್ರಕ್ಕೆ ಟೋಪಿ ಹಾಕಿದ ಅದೇ ಊರು. ಕಂಪೆನಿ ಮುಳುಗಿತು, ಕಡಲ ತೀರದ ಅನಿಲ ಕೇಂದ್ರ ಉಳಿಯಿತು. ಕತಾರಿನಿಂದಲೋ ಅಮೆರಿಕದಿಂದಲೋ ಹಡಗಿನಲ್ಲಿ ದ್ರವವಾಗಿ ಬರುವ ಅನಿಲವನ್ನು ಇಂಥ ಬಂದರುಗಳಲ್ಲಿ ಮತ್ತೆ ಗಾಳಿ ಮಾಡಿ ಕೊಳವೆಗೆ ಬಿಡುತ್ತಾರೆ.

ಅಂಥ ಬಂದರು ಮಹಾರಾಷ್ಟ್ರದಲ್ಲಿದೆ. ಗುಜರಾತಿನಲ್ಲಿ ಒಂದಲ್ಲ, ಹಲವು. ಕೇರಳದ ಕೊಚ್ಚಿಗೆ 2013ರಲ್ಲಿ, ತಮಿಳುನಾಡಿನ ಎಣ್ಣೂರಿಗೆ 2019ರಲ್ಲಿ ಬಂತು. 320 ಕಿಲೋಮೀಟರ್ ಕರಾವಳಿ ಇರುವ ಕರ್ನಾಟಕಕ್ಕೆ? ಒಂದೂ ಇಲ್ಲ! ನವಮಂಗಳೂರು ಬಂದರಿಗೆ ತರುತ್ತೇವೆ ಎಂಬ ಮಾತು ವರ್ಷವರ್ಷ ತೇಲಿ ಬರುತ್ತದೆ, ಹಡಗು ಬರುವುದಿಲ್ಲ. 2021ರ ಜನವರಿ 5ರಂದು ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರಿನ ಕೊಳವೆ ಉದ್ಘಾಟನೆಯಾಯಿತು. ಒಳ್ಳೆಯದೇ. ಆದರೆ ಎರಡು ಕಡೆಯಿಂದಲೂ ನಾವು ಕೊಳವೆಯ ಕೊನೆಯಲ್ಲಿದ್ದೇವೆ, ಬಾಯಲ್ಲಿ ಒಂದು ಕಡೆಯೂ ಇಲ್ಲ.

ಇನ್ನೊಂದು ಕಥೆ ಕೇಳಿ. 2009ರಲ್ಲಿ ಆಂಧ್ರದ ಕೃಷ್ಣಾ-ಗೋದಾವರಿ ಕಡಲಿನಿಂದ ರಿಲಯನ್ಸ್ ಅನಿಲ ಎತ್ತಲು ಶುರುಮಾಡಿತು. ಆ ಅನಿಲ ಕಾಕಿನಾಡದಿಂದ ಗುಜರಾತಿನ ಭರೂಚಿಗೆ ಹೋಗುವ ಕೊಳವೆ ಕಲ್ಯಾಣ ಕರ್ನಾಟಕದ ನೆಲದಡಿಯೇ ಹಾದುಹೋಗಿದೆ. ಆಗ ಕರೆಂಟಿಗೆಂದು ಹಂಚಿದ ಅನಿಲ ಆಂಧ್ರ, ಗುಜರಾತು, ಮಹಾರಾಷ್ಟ್ರದ ಸ್ಥಾವರಗಳಿಗೆ ಸಿಕ್ಕಿತು. ನಮ್ಮ ರೈತನ ಹೊಲದ ಕೆಳಗೆ ಕೊಳವೆ, ಹೊಲದ ಮೇಲೆ ಕತ್ತಲೆ. ಬಿಡದಿಯಲ್ಲಿ ಅನಿಲ ಸ್ಥಾವರ ಕಟ್ಟುತ್ತೇವೆ ಎಂದು ನಮ್ಮವರು ವರ್ಷಗಟ್ಟಲೆ ಹೇಳುತ್ತಾ ಬಂದರು. ಅಲ್ಲಿ ಕೊನೆಗೆ ಎದ್ದದ್ದು ಕಸದಿಂದ ಕರೆಂಟು ತೆಗೆಯುವ 11.5 ಮೆಗಾವ್ಯಾಟಿನ ಘಟಕ. ದಿಲ್ಲಿಯನ್ನು ಬೈಯುವಾಗ ವಿಧಾನಸೌಧವನ್ನು ಮರೆಯಬೇಡಿ. ಕೇಳದವನಿಗೆ ದಿಲ್ಲಿ ಯಾವತ್ತೂ ಕೊಟ್ಟಿಲ್ಲ.

ಆ ಆಂಧ್ರದ ಅನಿಲವೂ ಬೇಗ ಬತ್ತಿತು. 2013ರ ಹೊತ್ತಿಗೆ ಕರೆಂಟಿನ ಸ್ಥಾವರಗಳಿಗೆ ಅಲ್ಲಿಂದ ಏನೂ ಇಲ್ಲ. ದೇಶದಲ್ಲಿ 14 ಸಾವಿರ ಮೆಗಾವ್ಯಾಟಿಗೂ ಹೆಚ್ಚು ಸ್ಥಾವರಗಳು ಅನಿಲವಿಲ್ಲದೆ ತುಕ್ಕು ಹಿಡಿದು ನಿಂತವು. ಹೊಸ ಅನಿಲ ಸ್ಥಾವರ ಯೋಚಿಸಬೇಡಿ ಎಂದು 2012ರಲ್ಲೇ ಕೇಂದ್ರ ವಿದ್ಯುತ್ ಸಚಿವಾಲಯ ಎಲ್ಲರಿಗೂ ಬರೆದಿತ್ತು. 2015ರಿಂದ 2017ರ ಮಾರ್ಚ್‌ವರೆಗೆ ಹೊರದೇಶದ ಅನಿಲ ಕೊಳ್ಳಲು ಕೇಂದ್ರ ಸಬ್ಸಿಡಿ ಕೊಟ್ಟು ನಿಂತ ಸ್ಥಾವರಗಳನ್ನು ಅಷ್ಟಿಷ್ಟು ಓಡಿಸಿತು. ಆಗ ಕರ್ನಾಟಕದಲ್ಲಿ ಓಡಿಸಲು ಅನಿಲ ಸ್ಥಾವರವೇ ಇರಲಿಲ್ಲ. ನಮ್ಮದು ಎದ್ದು ನಿಲ್ಲುವ ಹೊತ್ತಿಗೆ ಸಬ್ಸಿಡಿ ಮುಗಿದು ಏಳು ವರ್ಷ. ಊಟದ ಎಲೆ ಎತ್ತಿದ ಮೇಲೆ ಬಂದ ನೆಂಟನ ಪಾಡು!

ಇನ್ನು ಬೆಲೆ. ಪಿಯುಸಿ ಓದಿದವನೂ ಮಾಡಬಹುದಾದ ಲೆಕ್ಕ ಇದು, ಜೊತೆಗೆ ಮಾಡಿ. ಅನಿಲವನ್ನು ಅಳೆಯುವುದು ಎಂಎಂಬಿಟಿಯು ಎಂಬ ಅಳತೆಯಲ್ಲಿ. ಒಂದು ಎಂಎಂಬಿಟಿಯು ಅನಿಲಕ್ಕೆ ಇಂಥ ಸ್ಥಾವರದಲ್ಲಿ ಸುಮಾರು 145 ಯೂನಿಟ್ ಕರೆಂಟು. ಅದರ ಬೆಲೆ ಹನ್ನೆರಡು ಡಾಲರ್ ಎಂದು ಹಿಡಿಯೋಣ, ಡಾಲರಿಗೆ 85 ರೂಪಾಯಿ ಎಂದು ಹಿಡಿಯೋಣ. 1,020 ರೂಪಾಯಿಯನ್ನು 145ರಿಂದ ಭಾಗಿಸಿ. ಯೂನಿಟ್ಟಿಗೆ ಏಳು ರೂಪಾಯಿ, ಅದೂ ಬರೀ ಅನಿಲಕ್ಕೆ. ಕೊಳವೆಯ ಬಾಡಿಗೆ, ತೆರಿಗೆ, ಸಾಲದ ಬಡ್ಡಿ, ಸಂಬಳ ಎಲ್ಲ ಇದರ ಮೇಲೆ. ಅನಿಲ ಒಂದು ಡಾಲರ್ ಏರಿದರೆ ಯೂನಿಟ್ಟಿಗೆ ಅರ್ಧ ರೂಪಾಯಿಗೂ ಮಿಕ್ಕಿ ಏರುತ್ತದೆ. 2022ರಲ್ಲಿ ರಷ್ಯಾ-ಉಕ್ರೇನ್ ಯುದ್ಧ ಹತ್ತಿದಾಗ ಬಿಡಿ ಮಾರುಕಟ್ಟೆಯಲ್ಲಿ ಅನಿಲದ ಬೆಲೆ ಹಿಂದೆಂದೂ ಕಾಣದಷ್ಟು ಮೇಲೆ ಹೋಗಿತ್ತು. ಎಲ್ಲಿಯ ಕೀವ್, ಎಲ್ಲಿಯ ಯಲಹಂಕ?

ಇಡೀ ದಿನ ಪೂರ್ತಿ ಬಲದಲ್ಲಿ ಓಡಿಸಿದರೆ ಈ ಸ್ಥಾವರಕ್ಕೆ ದಿನಕ್ಕೆ ಹೆಚ್ಚುಕಮ್ಮಿ 15 ಲಕ್ಷ ಘನ ಮೀಟರ್ ಅನಿಲ ಬೇಕು, ಸುಮಾರು 89 ಲಕ್ಷ ಯೂನಿಟ್ ಕರೆಂಟು ಬರುತ್ತದೆ. ಹಾಗೆ ಹಗಲಿರುಳು ಓಡಿಸುವವನು ಮೂರ್ಖ. ಓಡಿಸದೆ ಬೀಗ ಹಾಕುವವನೂ ಮೂರ್ಖ. ಯಾಕೆಂದರೆ ಓಡದಿದ್ದರೂ ಸಾಲದ ಬಡ್ಡಿ ಓಡುತ್ತಿರುತ್ತದೆ. ಕೇರಳದ ಕಾಯಂಕುಳಂನಲ್ಲಿ ಎನ್‌ಟಿಪಿಸಿಯ ನಾಫ್ತಾ ಸ್ಥಾವರವಿದೆ. ಇಂಧನ ದುಬಾರಿ ಎಂದು ಕರೆಂಟು ತೆಗೆದುಕೊಳ್ಳದೆಯೂ ಕೇರಳದ ವಿದ್ಯುತ್ ಮಂಡಳಿ ವರ್ಷಗಟ್ಟಲೆ ಸ್ಥಿರ ಶುಲ್ಕ ಕಟ್ಟಿತು. ಹಚ್ಚದ ಒಲೆಗೆ ಬಾಡಿಗೆ!

ತಣ್ಣೀರುಬಾವಿಯಿಂದ ತೇಲಿಹೋದದ್ದು

ಅದೆಲ್ಲ ಕೇರಳದ ಕಥೆ ಎನ್ನುವವರಿಗೆ ನಮ್ಮದೇ ಕಥೆ ಇದೆ. ಮಂಗಳೂರಿನ ತಣ್ಣೀರುಬಾವಿಯಲ್ಲಿ, ಗುರುಪುರ ಹೊಳೆಯಲ್ಲಿ, 2001ರಲ್ಲಿ ಒಂದು ವಿಚಿತ್ರ ಬಂದು ನಿಂತಿತು. ದೊಡ್ಡ ತೇಲುವ ತೆಪ್ಪದ ಮೇಲೆ ಕಟ್ಟಿದ ವಿದ್ಯುತ್ ಸ್ಥಾವರ. ಕೊರಿಯಾದಲ್ಲಿ ತಯಾರಾಗಿ ಕಡಲ ಮೇಲೆ ಬಂದದ್ದು. 220 ಮೆಗಾವ್ಯಾಟು, ನಾಫ್ತಾ ಉರಿಸುವ ನಾಲ್ಕು ಟರ್ಬೈನು, ಒಂದು ಹಬೆಯದು. ಇದೂ ಕೊಡಿಒಲೆಯೇ. ಜಿಎಂಆರ್ ಕಂಪೆನಿಯದು. ರಾಜ್ಯ ಅದರಿಂದ ಏಳು ವರ್ಷ ಕರೆಂಟು ಕೊಳ್ಳುವ ಕರಾರು ಮಾಡಿಕೊಂಡಿತ್ತು.

ಆಗ ರಾಜ್ಯಕ್ಕೆ ಕರೆಂಟಿನ ಬರ, ಕಟ್ಟಲು ಪುರುಸೊತ್ತಿಲ್ಲ, ಬೇಗ ಬರುವುದು ಏನಾದರೂ ಸರಿ ಎಂದರು. ಬಂತು. ನಾಫ್ತಾ ಬೆಲೆ ಏರಿದಂತೆ ಕರೆಂಟಿನ ಬೆಲೆಯೂ ಏರಿತು. 2008ರಲ್ಲಿ ಕರಾರು ಮುಗಿಯಿತು. 2010ರಲ್ಲಿ ಸ್ಥಾವರವನ್ನೇ ಹಗ್ಗ ಬಿಚ್ಚಿ ಕಡಲಿಗಿಳಿಸಿ, ಭಾರತದ ದಕ್ಷಿಣ ತುದಿ ಸುತ್ತಿಸಿ ಕಾಕಿನಾಡಕ್ಕೆ ಎಳೆದುಕೊಂಡು ಹೋದರು. ಅಲ್ಲಿ ಅನಿಲದಿಂದ ಓಡುವಂತೆ ಬದಲಾಯಿಸಿದರು. ಆ ಅನಿಲವೂ ನಿಂತ ಮೇಲೆ ಅಲ್ಲೂ ಕೈಕಟ್ಟಿ ಕೂತಿತು.

ಕಂಪೆನಿಯನ್ನು ನಾನು ಬೈಯುವುದಿಲ್ಲ. ವ್ಯಾಪಾರಿ ವ್ಯಾಪಾರ ಮಾಡಿದ. ನನ್ನ ಸಿಟ್ಟು ನಮ್ಮ ಮೇಲೆ. ಏಳು ವರ್ಷ ಕನ್ನಡಿಗರು ಬಿಲ್ಲು ಕಟ್ಟಿದ ಆ ಸ್ಥಾವರದ ಬಗ್ಗೆ ಕನ್ನಡದಲ್ಲಿ ಒಂದು ಪುಸ್ತಕ ಬೇಡ, ಒಂದು ಕರಪತ್ರವನ್ನಾದರೂ ಯಾರಾದರೂ ಕೈಗೆ ಕೊಟ್ಟರೇ? ಅಲ್ಲಿ ದುಡಿದ ಕರಾವಳಿಯ ಹುಡುಗರು ಕಲಿತದ್ದೇನು, ಅವರು ಮುಂದೆ ಎಲ್ಲಿ ಹೋದರು? ಆ ವಿದ್ಯೆಯೂ ಹೊಳೆಯಲ್ಲಿ ತೇಲಿಹೋಯಿತು. ಯಲಹಂಕದ್ದು ತೆಪ್ಪವಲ್ಲ, ಕಾಂಕ್ರೀಟಿನಲ್ಲಿ ಕೂತಿದೆ. ಆದ್ದರಿಂದ ತೇಲಿಹೋಗಲಾರದು. ತುಕ್ಕು ಹಿಡಿಯಬಹುದು.

ತಂತಿಯ ಮೇಲೆ ಸಿಟ್ಟು ಬೇಡ

ಇಲ್ಲಿ ನಮ್ಮ ಗೆಳೆಯರ ಜೊತೆ ನನಗೆ ಒಂದು ಜಗಳವಿದೆ, ಇದೇ ಪತ್ರಿಕೆಯಲ್ಲಿ ಆಡಿಬಿಡುತ್ತೇನೆ. ‘ಕನ್ನಡ ನಾಡಿನ ಕರೆಂಟು ಕನ್ನಡಿಗರಿಗೇ, ತಂತಿ ಕಡಿಯಿರಿ’ ಎಂದು ವೇದಿಕೆಯಲ್ಲಿ ಕೂಗುವುದು ಸುಲಭ. ಚಪ್ಪಾಳೆ ಬೀಳುತ್ತದೆ. ಆದರೆ 2023ರ ಬರಗಾಲದಲ್ಲಿ ನಮಗೆ ಕರೆಂಟು ಎಲ್ಲಿಂದ ಬಂತು? ಪಂಜಾಬು ಮತ್ತು ಉತ್ತರ ಪ್ರದೇಶದಿಂದ, ಆಮೇಲೆ ತಿರುಗಿ ಕೊಡುವ ಮಾತಿನ ಮೇಲೆ, ಕೈಗಡವಾಗಿ. ಪಕ್ಕದ ಮನೆಯಿಂದ ಸಕ್ಕರೆ ತಂದ ಹಾಗೆ. ತಂತಿ ಕಡಿದಿದ್ದರೆ ಯಾವ ದಾರಿಯಲ್ಲಿ ಬರುತ್ತಿತ್ತು?

ಆ ತಂತಿಯ ಗಂಟು ಬಿದ್ದದ್ದೂ ನಮ್ಮ ನೆಲದಲ್ಲೇ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ನಡುವಿನ 765 ಕಿಲೋವೋಲ್ಟಿನ ಮಾರ್ಗ ಹಚ್ಚಿದಾಗ ದಕ್ಷಿಣದ ಜಾಲ ಉಳಿದ ಭಾರತದ ಜಾಲಕ್ಕೆ ಸೇರಿ ಒಂದೇ ಲಯದಲ್ಲಿ ಮಿಡಿಯತೊಡಗಿತು. ಅದಕ್ಕೂ ಹಿಂದಿನ ವರ್ಷ, 2012ರ ಜುಲೈ 30 ಮತ್ತು 31ರಂದು, ಉತ್ತರ ಭಾರತ ಕತ್ತಲಲ್ಲಿ ಮುಳುಗಿದಾಗ ದಕ್ಷಿಣ ಉಳಿದದ್ದು ಬೇರೆ ಇದ್ದ ಕಾರಣಕ್ಕೆ. ಈಗ ಹಾಗಿಲ್ಲ. ಈಗ ಸೆಕೆಂಡಿಗೆ 50 ಬಾರಿ ಎಂಬ ಅಲೆಯ ಲೆಕ್ಕ ಶ್ರೀನಗರಕ್ಕೂ ಯಲಹಂಕಕ್ಕೂ ಒಂದೇ. ಎಲ್ಲೋ ಒಂದು ದೊಡ್ಡ ಘಟಕ ಬಿದ್ದರೆ ಆ ಅಲೆ ಎಲ್ಲೆಡೆ ಕುಗ್ಗುತ್ತದೆ, ಎಲ್ಲಿಯಾದರೂ ಬೇಗ ಎದ್ದು ನಿಲ್ಲುವ ಸ್ಥಾವರ ಅದನ್ನು ಎತ್ತಿ ಹಿಡಿಯುತ್ತದೆ. ನಮ್ಮ ಸಣ್ಣ ಸ್ಥಾವರಕ್ಕೆ ದೇಶದ ಜಾಲದಲ್ಲಿರುವ ಜಾಗ ಅದು. ಅನಿಲ ಸ್ಥಾವರಗಳೆಲ್ಲ ಸೇರಿ 2023-24ರಲ್ಲಿ ದೇಶಕ್ಕೆ ಕೊಟ್ಟದ್ದು ನೂರು ಯೂನಿಟ್ಟಿನಲ್ಲಿ ಎರಡು. ಆದರೂ 2024ರ ಮೇ 1ರಿಂದ ಜೂನ್ 30ರವರೆಗೆ ಅವೆಲ್ಲ ಓಡಲೇಬೇಕು ಎಂದು ಕೇಂದ್ರ ಅದೇ 11ನೇ ಕಲಮಿನಲ್ಲಿ ಆಜ್ಞೆ ಹೊರಡಿಸಿತು. ಬೇಸಿಗೆಯ ಉರಿಗೆ ಹೆದರಿ!

ಅಂದರೆ ಕಷ್ಟಕಾಲದಲ್ಲಿ ಇವು ಇಡೀ ದೇಶದ ಆಪದ್ಧನ. ಸರಿ, ಒಪ್ಪೋಣ. ಹಾಗಾದರೆ ದೇಶಕ್ಕಾಗಿ ಸಜ್ಜಾಗಿ ನಿಲ್ಲುವ ಸ್ಥಾವರದ ಖರ್ಚನ್ನು ದೇಶ ಹಂಚಿಕೊಳ್ಳಬೇಕೋ ಬೇಡವೋ? ಕೈಗಾದ 880 ಮೆಗಾವ್ಯಾಟಿನ ಅಣು ಕರೆಂಟಿನಲ್ಲಿ ಹೊರರಾಜ್ಯಗಳಿಗೂ ಪಾಲಿದೆ. ಕೂಡಗಿಯ 2,400 ಮೆಗಾವ್ಯಾಟಿನಲ್ಲೂ ಇದೆ. ಕೇಂದ್ರದ ಸ್ಥಾವರಗಳ ಕರೆಂಟಿನಲ್ಲಿ 15 ಪಾಲನ್ನು ಯಾರಿಗೂ ಹಂಚದೆ ತನ್ನ ಕೈಯಲ್ಲಿಟ್ಟುಕೊಳ್ಳುವ ಪದ್ಧತಿ ಕೇಂದ್ರದ್ದು. ಕರೆಂಟು ಹಂಚುವಾಗ ‘ಒಂದು ದೇಶ, ಒಂದು ಜಾಲ’ ಎನ್ನುವವರು ಅನಿಲದ ಬಿಲ್ಲು ಬಂದಾಗ ‘ಅದು ನಿಮ್ಮ ರಾಜ್ಯದ ವಿಷಯ’ ಎನ್ನುವುದು ಯಾವ ನ್ಯಾಯ? ಅಗ್ಗದ ದೇಶೀ ಅನಿಲ ಮೊದಲು ಅಡುಗೆಮನೆಗೆ, ವಾಹನಕ್ಕೆ, ಗೊಬ್ಬರಕ್ಕೆ ಎಂಬುದನ್ನು ನಾನು ತಪ್ಪೆನ್ನಲಾರೆ. ಬೇಸಿಗೆಯ ಎರಡು ತಿಂಗಳಿಗೆ, ಸಂಜೆಯ ನಾಲ್ಕು ತಾಸಿಗೆ ಬೇಕಾಗುವಷ್ಟನ್ನಾದರೂ ಇಂಥ ಸ್ಥಾವರಕ್ಕೆ ಎತ್ತಿಡಿ ಎಂದು ಕೇಳುವುದು ಭಿಕ್ಷೆಯಲ್ಲ. ಇದನ್ನು ದಿಲ್ಲಿಯಲ್ಲಿ ಕೇಳಬೇಕಾದವರು ನಮ್ಮ 28 ಲೋಕಸಭಾ ಸದಸ್ಯರು. ಪಕ್ಷ ಯಾವುದಾದರೂ ಇರಲಿ, ಗೆದ್ದ ಮೇಲೆ ಅವರಲ್ಲಿ ಎಷ್ಟು ಮಂದಿ ಯಲಹಂಕದ ಅನಿಲ ಎಂಬ ಎರಡು ಪದ ಬಾಯಿಂದ ಆಡಿದ್ದಾರೆ?

1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿದಾಗ ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ಇಂಗ್ಲಿಷ್ ಕಂಪೆನಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಕಾವೇರಿ ನಮ್ಮದು, ಗುಂಡಿ ಬೇರೆಯವರದು. ಗುಂಡಿ ಈಗಲೂ ಪೂರ್ತಿ ಕೈಗೆ ಬಂದಿಲ್ಲ.

ಲೆಕ್ಕ ಕನ್ನಡದಲ್ಲಿ ಕೊಡಿ

ಯಲಹಂಕದ ಸ್ಥಾವರ ಯಾವ ದಿನ ಎಷ್ಟು ಕರೆಂಟು ಕೊಟ್ಟಿತು ಎಂಬುದು ಗುಟ್ಟೇನಲ್ಲ. ದಿಲ್ಲಿಯ ಕೇಂದ್ರ ವಿದ್ಯುತ್ ಪ್ರಾಧಿಕಾರ ದೇಶದ ಸ್ಥಾವರಗಳ ದಿನದಿನದ ಲೆಕ್ಕ ಹೊರಡಿಸುತ್ತದೆ, ಇಂಗ್ಲಿಷಿನಲ್ಲಿ. ನಮ್ಮ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರ ಆದೇಶಗಳು ನೂರಾರು ಪುಟ, ಇಂಗ್ಲಿಷಿನಲ್ಲಿ. 1963ರಲ್ಲೇ ಕನ್ನಡ ರಾಜ್ಯದ ಆಡಳಿತ ಭಾಷೆಯಾಯಿತು. ಅರವತ್ತು ವರ್ಷದ ಮೇಲೂ ನನ್ನ ಕರೆಂಟಿನ ಬೆಲೆ ಯಾಕೆ ಏರಿತು ಎಂದು ತಿಳಿಯಲು ನಾನು ಇಂಗ್ಲಿಷ್ ಓದಿದವನನ್ನು ಹುಡುಕಬೇಕು. ಬಿಲ್ಲು ಕನ್ನಡದಲ್ಲಿದೆ, ಕಾರಣ ಕನ್ನಡದಲ್ಲಿಲ್ಲ. ಬಿಲ್ಲಿನಲ್ಲಿ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಎಂದು ಒಂದು ಸಾಲಿದೆ. ಡಾಲರು, ಹಡಗು, ಕೊಳವೆ, ಯುದ್ಧ ಎಲ್ಲ ಆ ಸಾಲಿನೊಳಗೆ ಮಡಚಿ ಕೂತಿದೆ. ಗೃಹಜ್ಯೋತಿ ಬಂದ ಮೇಲೆ ಮನೆಗಳವರು ಬಿಲ್ಲು ನೋಡುವುದನ್ನೇ ಬಿಟ್ಟಿದ್ದಾರೆ. ಹಿಟ್ಟಿನ ಗಿರಣಿ, ವೆಲ್ಡಿಂಗ್ ಶಾಪು, ಪ್ರೆಸ್ಸು ಇಟ್ಟವರು ನೋಡುತ್ತೇವೆ, ನೋಡಿ ಕಟ್ಟುತ್ತೇವೆ.

ಕೆಪಿಸಿ ತಿಂಗಳಿಗೊಂದು ಹಾಳೆ ಕನ್ನಡದಲ್ಲಿ ಹೊರಡಿಸಲಿ. ಎಷ್ಟು ದಿನ ಓಡಿತು, ಎಷ್ಟು ಯೂನಿಟ್ಟು, ಅನಿಲ ಎಲ್ಲಿಂದ, ಯಾವ ಬೆಲೆಗೆ, ಓಡದ ದಿನಗಳ ಖರ್ಚೆಷ್ಟು. ಒಂದೇ ಹಾಳೆ, ಎರಡು ಮಗ್ಗುಲು. ಇದಕ್ಕೆ ತಜ್ಞರ ಸಮಿತಿ ಬೇಡ. ಒಬ್ಬ ಗುಮಾಸ್ತ ಸಾಕು, ಅವನಿಗೆ ‘ಸಂಯುಕ್ತ ಆವರ್ತ’ ಬರದಿದ್ದರೆ ಇನ್ನೂ ಒಳ್ಳೆಯದು.

ಮತ್ತೆ ಆ ಬೆಂಕಿ. 2020ರ ಅಕ್ಟೋಬರ್ 2ರ ನಸುಕಿನಲ್ಲಿ, ಪರೀಕ್ಷೆಯ ಓಟ ನಡೆಯುತ್ತಿದ್ದಾಗ ಇದೇ ಸ್ಥಾವರದಲ್ಲಿ ಬೆಂಕಿ ಬಿದ್ದು ಹದಿನೈದು ಮಂದಿಯ ಸುಮಾರಿಗೆ ಗಾಯಗೊಂಡರು. ರಾತ್ರಿ ಪಾಳಿಯಲ್ಲಿ ಜೀವ ಒತ್ತೆಯಿಟ್ಟು ಕೆಲಸ ಮಾಡುವವರು ಅವರು. ಏನು ತಪ್ಪಿತು, ಆಮೇಲೆ ಏನು ಸರಿಮಾಡಿದರು ಎಂಬುದನ್ನು ಅಲ್ಲಿ ದುಡಿಯುವ ಕೊನೆಯ ಗುತ್ತಿಗೆ ಕೆಲಸಗಾರನಿಗೂ ಓದಲು ಬರುವ ಕನ್ನಡದಲ್ಲಿ ಬರೆದು ಗೋಡೆಗೆ ಹಚ್ಚಬೇಕು. ಬೆಂಕಿಯ ಮುಂದೆ ನಿಂತವನು ಪದಕೋಶ ತೆರೆಯುವುದಿಲ್ಲ.

ಕೆಲಸದ ಮಾತೂ ಬಂತು. ಮಹಿಷಿ ವರದಿ 1986ರಿಂದ ಧೂಳು ತಿನ್ನುತ್ತಿದೆ. 2024ರ ಜುಲೈನಲ್ಲಿ ಸ್ಥಳೀಯರ ಉದ್ಯೋಗದ ಮಸೂದೆಯನ್ನು ಸಂಪುಟ ಒಪ್ಪಿ, ಉದ್ಯಮಿಗಳು ಹುಬ್ಬು ಗಂಟಿಕ್ಕಿದ ಕೂಡಲೇ ತಡೆಹಿಡಿದರು. ಖಾಸಗಿಯವರ ಮಾತು ಬಿಡಿ, ಕೆಪಿಸಿ ಸರ್ಕಾರದ್ದೇ ಅಲ್ಲವೇ? ಅನಿಲ ಟರ್ಬೈನಿನ ವಿದ್ಯೆ ರಾಜ್ಯಕ್ಕೆ ಹೊಸದು. ನಮ್ಮ ಐಟಿಐ, ಡಿಪ್ಲೊಮಾ ಹುಡುಗರನ್ನು ವರ್ಷಕ್ಕೊಂದು ತಂಡದಂತೆ ಅಲ್ಲಿ ತರಬೇತಿಗೆ ಹಾಕಿದರೆ ತಣ್ಣೀರುಬಾವಿಯಲ್ಲಿ ಕಳೆದುಕೊಂಡದ್ದು ಯಲಹಂಕದಲ್ಲಿ ಸಿಕ್ಕೀತು.

ದರದ ಬಗ್ಗೆ ಆಯೋಗ ಸಾರ್ವಜನಿಕರ ಆಕ್ಷೇಪಣೆ ಕರೆಯುತ್ತದೆ, ಬಹಿರಂಗ ವಿಚಾರಣೆ ನಡೆಸುತ್ತದೆ. ದೊಡ್ಡ ಕೈಗಾರಿಕೆಯವರು ವಕೀಲರನ್ನು ಕಳಿಸುತ್ತಾರೆ. ಕನ್ನಡ ಸಂಘಟನೆಗಳು ಆ ಕೋಣೆಗೆ ಬರುವುದು ಅಪರೂಪ. ಈ ಸಲ ಬರಬೇಕು. ಮೇಲಿನ ಹಾಳೆಯ ಐದು ಪ್ರಶ್ನೆಗಳನ್ನು ಕನ್ನಡದಲ್ಲೇ ಬರೆದು, ಸಾವಿರ ಸಹಿ ಹಾಕಿಸಿ, ಕನ್ನಡದಲ್ಲೇ ಉತ್ತರ ಬೇಕೆಂದು ಕೇಳೋಣ. ಅರ್ಜಿಯ ನಮೂನೆಯನ್ನು ಅಚ್ಚು ಹಾಕಿ ಕೊಡುವುದು ನನ್ನ ಜವಾಬ್ದಾರಿ, ಕಾಗದ ಶಾಯಿ ಎರಡೂ ನನ್ನವು. ಬೇಕಾದ ಶಾಖೆಗಳು ಎಷ್ಟು ಪ್ರತಿ ಎಂದು ಪತ್ರಿಕೆಯ ಕಚೇರಿಗೆ ತಿಳಿಸಿ. ಕರೆಂಟು ಇರುವ ಹೊತ್ತಿನಲ್ಲಿ ತಿಳಿಸಿದರೆ ಅದೇ ದಿನ ಮೆಷಿನ್ನಿಗೆ ಹಾಕುತ್ತೇನೆ.